ಸಿಡಿ4 ಕಂಡಿದ್ದೆಲ್ಲ ಟಿ ಸೆಲ್ ಅಲ್ಲ

ಸೆಲ್‌ಗಳಿಗೆ ಬಣ್ಣ ಅಂಟಿಸಿ ಲೇಸರ್ ಬೆಳಕಿನಲ್ಲಿ ಒಂದೊಂದಾಗಿ ಗುರುತಿಸುವ ಫ್ಲೋ ಸೈಟೋಮೆಟ್ರಿ ಲ್ಯಾಬಿಗೆ ಬರುವ ಹೊಸಬರಿಗೆ ಒಂದು ಪಟ್ಟಿ ಬಾಯಿಪಾಠ ಆಗಿರುತ್ತದೆ. ಸಿಡಿ3 ಅಂದ್ರೆ ಟಿ ಸೆಲ್, ಸಿಡಿ19 ಅಂದ್ರೆ ಬಿ ಸೆಲ್, ಸಿಡಿ56 ಅಂದ್ರೆ ಎನ್‌ಕೆ (ನ್ಯಾಚುರಲ್ ಕಿಲ್ಲರ್), ಸಿಡಿ14 ಅಂದ್ರೆ ಮೊನೋಸೈಟ್; ಎಲ್ಲವೂ ಬಿಳಿ ರಕ್ತಕಣದ ಬಗೆಗಳೇ. ಪಟ್ಟಿ ತಪ್ಪೇನಲ್ಲ. ಆದರೆ 1982ರಲ್ಲಿ ಪ್ಯಾರಿಸ್‌ನಲ್ಲಿ ವಿಜ್ಞಾನಿಗಳು ಸೇರಿ ಶುರು ಮಾಡಿದ ಈ ನಂಬರುಗಳು ಸೆಲ್‌ಗೆ ಕೊಟ್ಟಿದ್ದಲ್ಲ, ಅದರ ಮೈಮೇಲಿರುವ ಅಣುವಿಗೆ ಕೊಟ್ಟಿದ್ದು. ಒಂದೇ ಅಣು ಬೇರೆ ಬೇರೆ ಸೆಲ್‌ಗಳ ಮೇಲೂ ಇರಬಹುದು.

ಎಚ್‌ಐವಿ ರೋಗಿಯ ಸಿಡಿ4 ಕೌಂಟನ್ನೇ, ಅಂದರೆ ಸಹಾಯಕ ಟಿ ಸೆಲ್‌ಗಳ ಲೆಕ್ಕವನ್ನೇ ನೋಡಿ. ನೇರಳೆ ಮುಚ್ಚಳದ ಟ್ಯೂಬಿನಿಂದ ರಕ್ತ ತೆಗೆದು, ಬಣ್ಣ ಅಂಟಿಸಿದ ಆಂಟಿಬಾಡಿ ಹಾಕಿ, ಕತ್ತಲಲ್ಲಿಟ್ಟು, ಕೆಂಪು ರಕ್ತಕಣ ಒಡೆದು ಮಷೀನಿಗೆ ಕೊಡುತ್ತೇವೆ. ಸ್ಕ್ರೀನಿನ ಬಲತುದಿಯಲ್ಲಿ ಒತ್ತಾಗಿ ಹೊಳೆಯುವ ಗುಂಪು ಸಹಾಯಕ ಟಿ ಸೆಲ್. ನಡುವೆ ಮಂಕಾಗಿ ಹರಡಿಕೊಂಡಿರುವುದು ಮೊನೋಸೈಟ್. ಅದರ ಮೇಲೂ ಸಿಡಿ4 ಇರುತ್ತದೆ, ಕಮ್ಮಿ ಅಷ್ಟೇ. ಗೇಟನ್ನು, ಅಂದರೆ ಎಣಿಸಬೇಕಾದ ಗುಂಪಿನ ಸುತ್ತ ಸ್ಕ್ರೀನಿನಲ್ಲಿ ಹಾಕುವ ಗೆರೆಯನ್ನು, ಸ್ವಲ್ಪ ಜಾಸ್ತಿ ಎಡಕ್ಕೆ ಎಳೆದರೆ ಅವೂ ಲೆಕ್ಕಕ್ಕೆ ಬಂದುಬಿಡುತ್ತವೆ. ಟಿ ಸೆಲ್ ತೀರಾ ಇಳಿದಿರುವ ರೋಗಿಯಲ್ಲೇ ಇದರ ಪೆಟ್ಟು ಜೋರು. ಅದಕ್ಕೇ ಮೊದಲು ಸಿಡಿ45 (ಬಿಳಿ ರಕ್ತಕಣಗಳ ಗುರುತು) ಮತ್ತು ಸೈಡ್ ಸ್ಕ್ಯಾಟರ್ (ಸೆಲ್‌ನಿಂದ ಪಕ್ಕಕ್ಕೆ ಚೆದುರುವ ಬೆಳಕು) ಇಟ್ಟು ಲಿಂಫೋಸೈಟ್ ಗುಂಪು, ಅಂದರೆ ಟಿ, ಬಿ, ಎನ್‌ಕೆ ಇರುವ ಗುಂಪು ಹಿಡಿಯಬೇಕು, ಆಮೇಲೆ ಸಿಡಿ3, ಕೊನೆಗೆ ಸಿಡಿ4.

ಕೊಲ್ಲುವ ಟಿ ಸೆಲ್‌ಗಳ ಗುರುತಾದ ಸಿಡಿ8 ಕೂಡ ಕೆಲವು ಎನ್‌ಕೆ ಸೆಲ್‌ಗಳಲ್ಲಿ ಮಂಕಾಗಿ ಕಾಣುತ್ತದೆ. ಸಿಡಿ56 ಕೆಲವು ಟಿ ಸೆಲ್‌ಗಳಲ್ಲೂ ಇರುತ್ತದೆ. ಹಾಗಾಗಿ ಎನ್‌ಕೆ ಅನ್ನಬೇಕಾದರೆ ಸಿಡಿ3 ಇಲ್ಲ ಅನ್ನುವುದೂ ಖಾತ್ರಿಯಾಗಬೇಕು.

ಕೊನೆಗೆ ಟಿ, ಬಿ, ಎನ್‌ಕೆ ಮೂರರ ಶೇಕಡಾವಾರು ಕೂಡಿಸಿ ನೋಡಿ. ಗೇಟ್ ಸರಿಯಿದ್ದರೆ 100ರ ಆಸುಪಾಸು ಬರುತ್ತದೆ. 85 ಬಂತಾ? ಒಳಗೆ ಬೇರೇನೋ ನುಸುಳಿರಬಹುದು. ಸಾಫ್ಟ್‌ವೇರ್ ಇದನ್ನು ತಾನಾಗೇ ನೋಡಿಕೊಳ್ಳುತ್ತೆ ಅಂತ ಸುಮ್ನೆ ಕೂರುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಇನ್ನು ಔಷಧಗಳ ಕಾಟ. ರಿಟುಕ್ಸಿಮ್ಯಾಬ್ ಅನ್ನುವ ಆಂಟಿಬಾಡಿ ಔಷಧ ಹೋಗಿ ಅಂಟುವುದೇ ಬಿ ಸೆಲ್ ಮೇಲಿನ ಸಿಡಿ20ಕ್ಕೆ. ಅದು ಜಾಗ ಹಿಡಿದು ಕೂತರೆ ನಮ್ಮ ಆಂಟಿಬಾಡಿಗೆ ಅಂಟಲು ಏನೂ ಉಳಿಯುವುದಿಲ್ಲ. ಸಿಡಿ20 ಕಾಣಲಿಲ್ಲ ಅಂತ ಬಿ ಸೆಲ್ಲೇ ಇಲ್ಲ ಅನ್ನೋಕಾಗಲ್ಲ, ಸಿಡಿ19 ನೋಡಬೇಕು. ಪ್ಲಾಸ್ಮಾ ಸೆಲ್‌ಗಳ ಕ್ಯಾನ್ಸರ್ ಆದ ಮೈಲೋಮಾಗೆ ಡಾರಾಟುಮುಮ್ಯಾಬ್ ತಗೊಂಡವರಲ್ಲಿ ಸಿಡಿ38ರದ್ದೂ ಇದೇ ಪಾಡು. ಅಲ್ಲಿ ಪ್ಲಾಸ್ಮಾ ಸೆಲ್ ಹುಡುಕಲು ಸಿಡಿ138ನಂಥ ಬೇರೆ ಗುರುತು ಬೇಕು.

ಫಾರಂನಲ್ಲಿ ಔಷಧದ ಕಾಲಂ ಖಾಲಿ ಬಂದರೆ, ಸ್ಯಾಂಪಲ್ ಮುಟ್ಟುವ ಮುಂಚೆ ನಾನು ವಾರ್ಡಿಗೆ ಫೋನ್ ಮಾಡುತ್ತೇನೆ. ಡಾಕ್ಟರಿಗೆ ಕಿರಿಕಿರಿ ಆಗುತ್ತದೆ, ಆಗಲಿ.