ಟ್ರಾವೆಲ್ ಟ್ರೇಲರ್‌ನಲ್ಲಿ ಲೈಟು ಮಂಕಾದರೆ ಮೊದಲು ಗ್ರೌಂಡ್ ನೋಡಿ

ಟ್ರಾವೆಲ್ ಟ್ರೇಲರ್‌ಗಳ (ಗಾಡಿಯ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆಗಳ) ವೈರಿಂಗ್ ರಿಪೇರಿ ನನ್ನ ಕೆಲಸ. "ಹೊಸ ಬ್ಯಾಟರಿ ಹಾಕಿಸಿದ್ರೂ ಲೈಟು ಮಂಕು, ಪಂಪು ಎಳೀತಿಲ್ಲ" ಅಂತ ಬರುವವರೇ ಜಾಸ್ತಿ. ಆಗ ನಾನು ಮೊದಲು ನೋಡುವುದು ಬ್ಯಾಟರಿಯನ್ನಲ್ಲ, ಗ್ರೌಂಡ್ ವೈರನ್ನು.

12 ವೋಲ್ಟ್ ಬ್ಯಾಟರಿಯ ಪಾಸಿಟಿವ್‌ನಿಂದ ಹೊರಟ ಕರೆಂಟು ಎಷ್ಟೋ ಟ್ರೇಲರ್‌ಗಳಲ್ಲಿ ವಾಪಸ್ ಬರುವುದು ಕಬ್ಬಿಣದ ಚಾಸಿ, ಅಂದರೆ ತಳದ ಚೌಕಟ್ಟಿನ ಮೂಲಕವೇ. ಚಾಸಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಇರುವುದು ಒಂದು ವೈರು (ಇದೇ ಗ್ರೌಂಡ್ ವೈರು), ಒಂದು ಲಗ್ (ವೈರಿನ ತುದಿಗೆ ಹಾಕುವ ಲೋಹದ ಬಳೆ), ಒಂದು ಬೋಲ್ಟು, ಅದೂ ಮಳೆ ಕೆಸರು ಎಲ್ಲ ಸಿಡಿಯುವ ಜಾಗದಲ್ಲಿ. ಲಗ್ ಕೆಳಗೆ ತುಕ್ಕು ಹಿಡಿದು ಬರೀ 0.1 ಓಮ್ ತಡೆ ಹುಟ್ಟಿದರೂ, 20 ಆಂಪಿಯರ್ ಹರಿಯುವಾಗ 2 ವೋಲ್ಟ್ ಅಲ್ಲೇ ಖಾಲಿ, ಜೊತೆಗೆ ಆ ಬೋಲ್ಟಿನ ಹತ್ತಿರ 40 ವ್ಯಾಟ್ ಬಿಸಿ. ಹೀಗೆ ವೋಲ್ಟ್ ಸಾಲದೆ ಗ್ಯಾಸ್ ಹೀಟರ್‌ನ ಫ್ಯಾನು ನಿಧಾನ ತಿರುಗಿದರೆ ಗಾಳಿ ಸಾಲದೆ ಅದರ ಸೇಫ್ಟಿ ಸ್ವಿಚ್ ಆನ್ ಆಗುವುದಿಲ್ಲ, ಬರ್ನರ್ ಹೊತ್ತಿಕೊಳ್ಳುವುದಿಲ್ಲ. ಪಾಪ, ಜನ ಸುಮ್ನೆ ಹೀಟರ್ ಬಿಚ್ಚಿಸುತ್ತಾರೆ.

ಮಲ್ಟಿಮೀಟರ್ ಅನ್ನು ಓಮ್‌ಗೆ ಇಟ್ಟು ಸೊನ್ನೆ ಬಂತು ಅಂತ ನಂಬಬೇಡಿ. ವೈರಿನಲ್ಲಿ ನಾಲ್ಕು ಎಳೆ ಉಳಿದಿದ್ದರೂ ಅದು ಸೊನ್ನೆಯ ಹತ್ತಿರವೇ ತೋರಿಸುತ್ತದೆ. ಲೋಡ್ ಬೇಕು, ಅಂದರೆ ಕರೆಂಟು ಹರಿಯುತ್ತಿರಬೇಕು. ಪಂಪು, ಫ್ಯಾನು, ಲೈಟು ಎಲ್ಲ ಹಾಕಿ, ಮೀಟರ್ ಅನ್ನು ಡಿಸಿ ವೋಲ್ಟ್‌ಗೆ ತಿರುಗಿಸಿ, ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೇಲೇ ಒತ್ತಿ (ಅದಕ್ಕೆ ವೈರು ಕಚ್ಚಿಸುವ ಕ್ಲಾಂಪಿನ ಮೇಲಲ್ಲ), ಇನ್ನೊಂದನ್ನು ಚಾಸಿಯಲ್ಲಿ ಪೇಂಟು ಕೆರೆದ ಜಾಗಕ್ಕೆ. 0.1 ವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. ಅರ್ಧ ವೋಲ್ಟ್ ಬಂತೋ, ಕಳ್ಳ ಸಿಕ್ಕ. ಈ ಟೆಸ್ಟ್ ಮಾಡುವಾಗ ಎಳೆಯುವ ಗಾಡಿಯ ಪ್ಲಗ್ ಕಿತ್ತಿರಲಿ, ಹೊರಗಿನ ಕರೆಂಟು, ಸೋಲಾರ್ ಕೂಡ ಬೇಡ. ಪ್ಲಗ್ ಹಾಕಿದ್ದರೆ ಗಾಡಿಯ ಗ್ರೌಂಡ್ ವೈರು ಇನ್ನೊಂದು ದಾರಿ ಕೊಟ್ಟು ದೋಷವನ್ನು ಮುಚ್ಚಿಬಿಡುತ್ತದೆ. ಗಾಡಿಗೆ ಕಟ್ಟಿದಾಗ ಎಲ್ಲ ಸರಿ, ಬಿಚ್ಚಿದ ಮೇಲೆ ಮಂಕು ಅಂತ ಯಾರಾದರೂ ಹೇಳಿದರೆ ನನಗೆ ಮೊದಲು ಬರುವ ಅನುಮಾನ ಇದೇ.

ಸರಿಮಾಡುವುದು ಕಷ್ಟವಿಲ್ಲ. ನೆಗೆಟಿವ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಹೀಗೆ ಮಾಡಿದರೆ ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಚಾಸಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ಹೊಳೆಯುವ ಕಬ್ಬಿಣ ಕಾಣುವವರೆಗೆ ಉಜ್ಜಿ, ವೈರಿಗೆ ಸರಿಯಾಗಿ ಕ್ರಿಂಪ್ ಮಾಡಿದ (ಒತ್ತಿ ಕಚ್ಚಿಸಿದ) ಲಗ್ ಇಟ್ಟು, ಹಲ್ಲಿನ ವಾಷರ್ ಹಾಕಿ, ನಟ್ಟು ಬೋಲ್ಟಿನಿಂದ ಬಿಗಿಮಾಡಿ, ಆಮೇಲೆ ಮೇಲಿಂದ ಪೇಂಟು ಬಳಿಯಿರಿ. ಶೀಟಿಗೆ ಹೊಡೆಯುವ ಸ್ಕ್ರೂ ಬೇಡವೇ ಬೇಡ, ಅಲುಗಾಟಕ್ಕೆ ಸಡಿಲವಾಗುತ್ತದೆ. ಗ್ರೌಂಡ್ ವೈರು ಪಾಸಿಟಿವ್ ವೈರಿನಷ್ಟೇ ದಪ್ಪ ಇರಬೇಕು, ಪಾಸಿಟಿವ್‌ನ ಮುಖ್ಯ ಫ್ಯೂಸ್ ಬ್ಯಾಟರಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು.