ಬೀಡಿನ ಕಾಲ್ಮಣೆಗೆ ನಾನು ಕೊಟ್ಟ ಎರಡು ಪೆಟ್ಟು

ಶಿವಮೊಗ್ಗದಲ್ಲಿ ನನ್ನದು ಹಳೇ ಫರ್ನಿಚರ್ ರಿಪೇರಿ ಅಂಗಡಿ. ಬೆತ್ತದ ಕುರ್ಚಿ ಹೆಣೆಯುವುದು, ಬೀಟೆ ಮಂಚಕ್ಕೆ ಪಾಲಿಶ್, ಸೋಫಾಕ್ಕೆ ಹೊಸ ಬಟ್ಟೆ, ಇಂಥ ಕೆಲಸವೇ ಜಾಸ್ತಿ. ಮರದ ವಿಷಯದಲ್ಲಿ ನನಗೆ ಸ್ವಲ್ಪ ಧೈರ್ಯ ಇದೆ. ಕಬ್ಬಿಣದ ವಿಷಯದಲ್ಲೂ ಇತ್ತು, ಬೀಡಿನ, ಅಂದರೆ ಎರಕದ ಕಬ್ಬಿಣದ, ಆ ಕಾಲ್ಮಣೆ ಬರುವವರೆಗೆ.

ಮಳೆ ಹಿಡಿಯೋಕೆ ಇನ್ನೂ ಹದಿನೈದು ದಿನ ಇತ್ತು. ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆಯಿಂದ ಜೀಪ್ ಬಂತು. ಹಿಂದಿನ ಸೀಟಿನ ಮೇಲೆ ಕಂಬಳಿ ಸುತ್ತಿದ ಸಣ್ಣ ಗಂಟು. ಒಂದೇ ಕೈಯಲ್ಲಿ ಎತ್ತಲು ಹೋದೆ, ಅಲುಗಲಿಲ್ಲ. ಡ್ರೈವರ್ ನಕ್ಕ. "ನಾನೂ ಹಂಗೇ ಮಾಡಿ ಸೊಂಟ ಹಿಡಿಸ್ಕಂಡೆ ಮಾರಾಯ್ರೇ" ಅಂದ.

ಕಂಬಳಿ ಬಿಚ್ಚಿದೆ. ಒಂದು ಅಡಿಯಷ್ಟು ಎತ್ತರ, ಬಾಗಿದ ನಾಲ್ಕು ಕಾಲು, ಕಾಲಿನ ಮಂಡಿಯ ಮೇಲೆ ಎಲೆಯ ಉಬ್ಬು. ಸುತ್ತಲಿನ ಪಟ್ಟಿಯಲ್ಲಿ ಜರಿಗಿಡದ ಹಾಗೆ ತೂತು ತೂತಿನ ಚಿತ್ತಾರ. ಮೇಲೆ ಸವೆದುಹೋದ ದಿಂಬು. ಒಂದು ಕಾಲು ಮಂಡಿಯ ಹತ್ತಿರ ಮುರಿದು, ತುಂಡು ಪ್ಲಾಸ್ಟಿಕ್ ಕವರ್‌ನಲ್ಲಿತ್ತು. ಇಂಗ್ಲಿಷಿನವರು ಇದನ್ನು ಫುಟ್‌ಸ್ಟೂಲ್ ಅಂತಾರೆ. ಮೈಯೆಲ್ಲ ಮೆತ್ತೆ ಹೊದಿಸಿದ್ದಾದರೆ ಒಟ್ಟೊಮನ್. ತುರ್ಕಿಯ ಒಟ್ಟೊಮನ್ ಸಾಮ್ರಾಜ್ಯದಿಂದ ಬಂದ ಹೆಸರು ಅದು. ನಮ್ಮ ಮಾತಲ್ಲಿ ಕಾಲ್ಮಣೆ, ಅಷ್ಟೇ.

ಮನೆಯ ಅಮ್ಮ ಫೋನಿನಲ್ಲಿ ಮಾತಾಡಿದರು. ಕೊಪ್ಪದ ಕಡೆಯ ಒಂದು ಕಾಫಿ ಎಸ್ಟೇಟಿನ ದೊರೆ ಬಂಗಲೆ ಖಾಲಿ ಮಾಡಿ ಹೋಗುವಾಗ ಅವರ ಮಾವ ಕೊಂಡು ತಂದದ್ದಂತೆ. ಜೊತೆಗೆ ಉದ್ದ ಕೈಯ ಈಸಿ ಚೇರೂ ಬಂದಿತ್ತಂತೆ. ಆ ಕುರ್ಚಿಯ ಕೈ ಮೇಲೆ ಕಾಲು ಚಾಚಿ ಮಲಗುವ ದೊರೆಗೆ ಬೇರೆ ಕಾಲ್ಮಣೆ ಯಾಕೆ ಬೇಕಿತ್ತೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಈಗ ಅಮ್ಮನಿಗೆ ಕಾಲು ಊತ. ಕೂತಾಗ ಕಾಲು ಎತ್ತಿ ಇಟ್ಟುಕೊಳ್ಳಿ ಅಂತ ಡಾಕ್ಟರ್ ಹೇಳಿದ್ದರು. "ಪ್ಲಾಸ್ಟಿಕ್ ಸ್ಟೂಲ್ ಜಾರ್ತದೆ ಕಣಪ್ಪಾ, ಇದು ಜಾರಲ್ಲ. ಬೇಗ ಮಾಡಿಕೊಡು" ಅಂದರು.

ಎರಡು ದಿನ ಸಾಕು ಅಂದೆ. ನಿಜಕ್ಕೂ ಹಾಗೇ ಅಂದುಕೊಂಡಿದ್ದೆ. ಗ್ರೈಂಡರ್ ತಗೊಂಡು ಮುರಿದ ಜಾಗ ಉಜ್ಜಿ ಹೊಳಪು ಬರಿಸಿದೆ. ವೆಲ್ಡಿಂಗ್ ಕರೆಂಟ್ ವಾಪಸ್ ಹೋಗುವ ಅರ್ಥಿಂಗ್ ಕ್ಲಿಪ್ ಚೆನ್ನಾಗಿ ಕೂರಲಿ ಅಂತ ಪಟ್ಟಿಯ ಒಳಬದಿಯಲ್ಲೂ ಎರಡು ಇಂಚು ಉಜ್ಜಿದೆ. ಅಲ್ಲೇನೋ ಗಂಟು ಗಂಟಾಗಿ ಉಬ್ಬಿತ್ತು. ತುಕ್ಕಿನ ಚಕ್ಕೆ ಇರಬೇಕು ಅಂತ ಸಪಾಟು ಮಾಡಿದೆ. ಆಮೇಲೆ ಗೇಟು, ಕಿಟಕಿ ಸರಳಿಗೆ ಬಳಸುವ ಅದೇ ಮಾಮೂಲಿ ರಾಡಿನಲ್ಲಿ ಸುತ್ತ ವೆಲ್ಡಿಂಗ್ ಹೊಡೆದೆ. ಹತ್ತು ನಿಮಿಷದ ಕೆಲಸ. ಬೆಸುಗೆ ಚೆಂದ ಕೂತಿತ್ತು. ಹುಡುಗನನ್ನು ಕರೆದು ತೋರಿಸಿದೆ ಕೂಡ.

ಟೀ ಕುಡಿಯುತ್ತಾ ಕೂತಿದ್ದೆವು. ಹಿಂದಿನಿಂದ ಟಣ್ ಅಂತ ಒಂದು ಸದ್ದು. ಯಾರೋ ಸ್ಪ್ಯಾನರ್ ಬೀಳಿಸಿದರು ಅಂದುಕೊಂಡೆ. ಅಲ್ಲಿ ಯಾರೂ ಇರಲಿಲ್ಲ. ನನ್ನ ಬೆಸುಗೆ ಹಾಗೇ ಗಟ್ಟಿಯಾಗಿತ್ತು. ಅದರ ಪಕ್ಕದಲ್ಲೇ, ಮುಂಚೆ ಸರಿ ಇದ್ದ ಜಾಗದಲ್ಲಿ, ಕೂದಲಿನಷ್ಟು ಸಣ್ಣ ಬಿರುಕು ಎದ್ದಿತ್ತು.

ಅಲ್ಲಿಗೆ ನಿಲ್ಲಿಸಬೇಕಿತ್ತು, ಅಲ್ವಾ? ನಿಲ್ಲಿಸಲಿಲ್ಲ. ಆ ಬಿರುಕಿನ ಮೇಲೂ ಒಂದು ಸಾಲು ಎಳೆದೆ. ಬೆಳಿಗ್ಗೆ ಬಂದು ನೋಡಿದರೆ ಬಿರುಕು ಮಂಡಿ ದಾಟಿ ಚಿತ್ತಾರದ ಪಟ್ಟಿಯವರೆಗೆ ಹೋಗಿತ್ತು. ಬಂದಾಗ ಒಂದು ಕಡೆ ಮುರಿದಿದ್ದ ವಸ್ತು. ನನ್ನ ಕೈ ಬಿದ್ದ ಮೇಲೆ ಎರಡು ಕಡೆ. ಆ ದಿನ ಅಮ್ಮ ಫೋನ್ ಮಾಡಿದಾಗ ಕರೆಂಟ್ ಇಲ್ಲ, ನಾಳೆ ಆಗುತ್ತೆ ಅಂದೆ. ಮಾರನೇ ದಿನವೂ ಅದೇ ಸುಳ್ಳು.

ಮಾಚೇನಹಳ್ಳಿಯಲ್ಲಿ ಎರಕದ ಕೆಲಸ ಮಾಡುವ ಪರಿಚಯದವರೊಬ್ಬರಿಗೆ ಫೋಟೋ ಕಳಿಸಿದೆ. ಅವರು ಭದ್ರಾವತಿಯ ಒಬ್ಬ ಹಿರಿಯರ ವಿಳಾಸ ಕೊಟ್ಟರು. ಎರಕದ ಅಚ್ಚು ಮಾಡುವುದರಲ್ಲೇ ಆಯಸ್ಸು ಕಳೆದವರು. ಕಾಲ್ಮಣೆ ಹೊತ್ತುಕೊಂಡು ಹೋದೆ. ಅವರು ಅದನ್ನು ಮೊದಲು ತಲೆಕೆಳಗೆ ಮಾಡಿದರು. ನಾನು ಮೂರು ದಿನದಲ್ಲಿ ಒಂದು ಸಲವೂ ಹಾಗೆ ಮಾಡಿರಲಿಲ್ಲ.

"ಡ್ರಿಲ್ ತಗೊಂಡು ಇಲ್ಲೊಂದು ಸಣ್ಣ ತೂತು ಹಾಕು. ಏನು ಉದುರುತ್ತೆ ನೋಡು" ಅಂದರು. ಬಿರುಕಿನ ತುದಿಗೆ ಬೆರಳಿಟ್ಟು ತೋರಿಸಿದರು. ಮೂರು ಎಂಎಂ ಬಿಟ್ ಹಾಕಿದೆ. ಮಾಮೂಲಿ ಕಬ್ಬಿಣವಾದರೆ ಸುರುಳಿ ಸುರುಳಿಯಾಗಿ ಬರುತ್ತೆ. ಇಲ್ಲಿ ಕಪ್ಪು ಪುಡಿ ಉದುರಿತು, ರಾಗಿ ಹಿಟ್ಟಿಗಿಂತ ಸ್ವಲ್ಪ ದಪ್ಪ. ಬೆರಳಲ್ಲಿ ತಿಕ್ಕಿದರೆ ಕಾಡಿಗೆಯ ಹಾಗೆ ಹತ್ತಿಕೊಂಡಿತು. "ಅದು ಗ್ರಾಫೈಟ್. ಪೆನ್ಸಿಲ್ ಕಡ್ಡೀಲಿ ಇರೋದೇ. ಇದು ಬೀಡು ಕಣಯ್ಯಾ. ಎಲ್ಲದಕ್ಕೂ ಒಂದೇ ರಾಡ್ ಇಟ್ಕೊಂಡಿದ್ದೀಯಾ?"

ಆ ತೂತು ಬರೀ ಪರೀಕ್ಷೆಗೆ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಬಿರುಕಿನ ತುದಿಯಲ್ಲಿ ದುಂಡಗೆ ತೂತು ಹಾಕಿದರೆ ಬಿರುಕು ಮುಂದೆ ಓಡುವುದಿಲ್ಲ. ಎರಡು ಕೆಲಸ ಒಟ್ಟಿಗೇ ಮಾಡಿಸಿದ್ದರು.

ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಗೇಟಿಗೆ ಬಳಸುವ ಕಬ್ಬಿಣದಲ್ಲಿ ಇಂಗಾಲ ಕಾಲು ಪರ್ಸೆಂಟೂ ಇರಲ್ಲ. ಬೀಡಿನಲ್ಲಿ ಎರಡರಿಂದ ನಾಲ್ಕು ಪರ್ಸೆಂಟ್. ಅದಕ್ಕೇ ಬೀಡು ಕಡಿಮೆ ಕಾವಿಗೆ, 1200 ಡಿಗ್ರಿ ಆಸುಪಾಸಿಗೇ ನೀರಾಗುತ್ತೆ. ಮರಳಿನ ಅಚ್ಚಿನ ಸಂದುಗೊಂದಿಗೆಲ್ಲ ಹರಿದು ಜರಿಗಿಡದ ಎಲೆಯನ್ನೂ ಮೂಡಿಸುತ್ತೆ. ಆದರೆ ಅದೇ ಇಂಗಾಲ ಒಳಗೆ ಗ್ರಾಫೈಟ್ ಚಕ್ಕೆಗಳಾಗಿ ಹರಡಿಕೊಂಡಿರುತ್ತೆ. ಹಾಗಾಗಿ ಬೀಡು ಬಗ್ಗಲ್ಲ, ಮುರಿಯುತ್ತೆ. ಭಾರ ಹೊರುತ್ತೆ, ಎಳೆತ ತಡೆಯಲ್ಲ. ವೆಲ್ಡಿಂಗ್ ಮಾಡಿದಾಗ ಒಂದು ಚುಕ್ಕೆ ಜಾಗ ಕೆಂಡವಾಗಿ, ಸುತ್ತಲಿನ ತಣ್ಣನೆಯ ಬೀಡು ಆ ಕಾವನ್ನು ಥಟ್ಟನೆ ಹೀರಿಕೊಳ್ಳುತ್ತೆ. ಬೇಗ ತಣಿದ ಜಾಗ ಗಾಜಿನ ಹಾಗೆ ಗಡುಸಾಗುತ್ತೆ. ಬೆಸುಗೆ ತಣಿದು ಕುಗ್ಗುವಾಗ ಪಕ್ಕದ್ದನ್ನು ಜಗ್ಗುತ್ತೆ. ಟಣ್ ಅಂದದ್ದು ಅದೇ.

ದಾರಿ ಎರಡಿತ್ತು. ಒಂದು, ನಿಕ್ಕಲ್ ರಾಡ್ ತಂದು ಒಂದೊಂದೇ ಇಂಚು ಬೆಸುಗೆ ಹಾಕಿ, ಬಿಸಿ ಇರುವಾಗಲೇ ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಕೈ ಇಡುವಷ್ಟು ಆರಿದ ಮೇಲೆ ಮುಂದಿನ ಇಂಚಿಗೆ ಹೋಗುವುದು. ಇನ್ನೊಂದು, ಗ್ಯಾಸಿನಲ್ಲಿ ಹಿತ್ತಾಳೆ ಬೆಸುಗೆ. ಅದರಲ್ಲಿ ಹಿತ್ತಾಳೆ ಮಾತ್ರ ಕರಗುತ್ತೆ, ಬೀಡು ಕರಗಲ್ಲ. ತೆಳು ಕಾಲಿಗೆ ಹಿತ್ತಾಳೆಯೇ ಸರಿ ಅಂದರು.

ನಾನು ಗ್ರೈಂಡರ್ ಕೈಗೆತ್ತಿಕೊಂಡೆ. ಕಿತ್ತುಕೊಂಡರು. "ಇದನ್ನ ಹಾಕಿದ್ರೆ ಗ್ರಾಫೈಟ್ ಮೈಮೇಲೆಲ್ಲ ಸವರಿಕೊಳ್ಳುತ್ತೆ. ಎಣ್ಣೆ ಮೆತ್ತಿದ ಗೋಡೆಗೆ ಸುಣ್ಣ ಹಿಡಿಯುತ್ತಾ?" ನನ್ನ ಹಳೇ ಬೆಸುಗೆಯನ್ನೆಲ್ಲ ಅರ ಹಾಕಿ ಉಜ್ಜಿ ತೆಗೆಯಲು ಒಂದು ಹಗಲು ಹಿಡಿಯಿತು. ಆಮೇಲೆ ಕಾಲ್ಮಣೆಯನ್ನು ಇಡಿಯಾಗಿ ಇದ್ದಿಲ ಒಲೆಯ ಮೇಲೆ ಕಾಯಿಸಿದೆವು. ಬೆಸುಗೆ ಹಾಕುವ ಜಾಗ ಮಾತ್ರ ಅಲ್ಲ, ಪೂರ್ತಿ. ಬಿಳಿಗಾರ ಉದುರಿಸಿ, ಹಿತ್ತಾಳೆ ಕಡ್ಡಿ ತಾಗಿಸಿದಾಗ ಅದು ಬಿರುಕಿನೊಳಗೆ ತುಪ್ಪ ಇಳಿದ ಹಾಗೆ ಇಳಿಯಿತು.

ಮುಗಿಯಿತು ಅಂದುಕೊಂಡೆ. ಅವರು ಹಿತ್ತಿಲಲ್ಲಿದ್ದ ಅರ್ಧ ಡ್ರಮ್ ತೋರಿಸಿದರು. ಅದರ ತುಂಬ ಉಮಿ ಬೂದಿ, ಅಕ್ಕಿ ಗಿರಣಿಯದ್ದು. ಬಿಸಿ ಕಾಲ್ಮಣೆಯನ್ನು ಅದರಲ್ಲಿ ಹೂತಿಟ್ಟು ಮೇಲೂ ಬೂದಿ ಮುಚ್ಚಿದೆವು. ಉಮಿ ಬೂದಿ ಕಾವನ್ನು ಸುಲಭಕ್ಕೆ ಬಿಟ್ಟುಕೊಡಲ್ಲ. ಸಂಜೆ ಹೂತಿಟ್ಟದ್ದು, ಬೆಳಿಗ್ಗೆ ತೆಗೆದಾಗ ಇನ್ನೂ ಬೆಚ್ಚಗಿತ್ತು. ಆ ರಾತ್ರಿ ನಾನು ಟಣ್ ಸದ್ದಿಗೆ ಕಾದುಕೊಂಡೇ ಮಲಗಿದ್ದೆ. ಬರಲಿಲ್ಲ.

ಇದು ಒಂದನೇ ಪೆಟ್ಟಿನ ಕಥೆ. ಎರಡನೆಯದು ಬೂದಿ ಕೊಡವುವಾಗ ಬಯಲಿಗೆ ಬಂತು.

ನಾನು ಅಮ್ಮನಿಗೆ ಇದು ಭದ್ರಾವತಿಯದ್ದೇ ಇರಬಹುದು ಅಂತ ಬೇರೆ ಹೇಳಿದ್ದೆ. ಹತ್ತಿರದಲ್ಲೇ ಅಷ್ಟು ದೊಡ್ಡ ಕಾರ್ಖಾನೆ, 1923ರಿಂದ ಕಬ್ಬಿಣ ಕರಗಿಸಿದ ಊರು, ಹಾಗಿರಬಹುದು ಅನ್ನಿಸಿತ್ತು. ಹಿರಿಯರು ನಕ್ಕರು. "ನಮ್ಮೂರಲ್ಲಿ ನೀರಿನ ಪೈಪು ಎರಕ ಹೊಯ್ದಿದ್ದಾರೆ. ದೊರೆ ಕಾಲಿಡೋಕೆ ಎಲೆ ಹೂವು ಯಾರು ಹೊಯ್ತಾರೆ?" ಅನ್ನುತ್ತಾ ಪಟ್ಟಿಯ ಒಳಬದಿಗೆ ಟಾರ್ಚ್ ಹಿಡಿದರು. ನಗು ನಿಂತಿತು. "ಇದನ್ನ ಯಾರು ಉಜ್ಜಿದ್ದು?"

ನಾನು ತುಕ್ಕಿನ ಚಕ್ಕೆ ಅಂದುಕೊಂಡು ಸಪಾಟು ಮಾಡಿದ್ದೆನಲ್ಲ, ಅಲ್ಲಿ ಅರ್ಧ ಉಳಿದ ಒಂದು ಗುರುತು. ಇಸ್ಪೀಟಿನ ಡೈಮಂಡ್ ಆಕಾರ. ತುದಿಯಲ್ಲಿ ಸಣ್ಣ ವೃತ್ತ, ಅದರೊಳಗೆ ಒಂದು ಅನ್ನುವ ರೋಮನ್ ಅಂಕಿ. ಅವರಿಗೂ ಅದರ ಅರ್ಥ ಗೊತ್ತಿರಲಿಲ್ಲ, ಆದರೆ ಅಚ್ಚಿನಲ್ಲೇ ಬೇಕೆಂದು ಕೂರಿಸಿದ್ದು ಅಂತ ನೋಡಿದ ಕೂಡಲೇ ಹೇಳಿದರು.

ರಾತ್ರಿ ಕೂತು ಹುಡುಕಿದೆ. ಅದು ಬ್ರಿಟನ್ನಿನಲ್ಲಿ 1842ರಿಂದ 1883ರವರೆಗೆ ನಡೆದ ವಿನ್ಯಾಸ ನೋಂದಣಿಯ ಗುರುತು. ವೃತ್ತದಲ್ಲಿ ಒಂದು ಇದ್ದರೆ ಲೋಹದ ವಸ್ತು. ಎರಡು ಮರ, ಮೂರು ಗಾಜು, ನಾಲ್ಕು ಪಿಂಗಾಣಿ. ನಾಲ್ಕು ಮೂಲೆಯ ಅಕ್ಷರ, ಅಂಕಿಗಳಲ್ಲಿ ದಿನ, ತಿಂಗಳು, ವರ್ಷ ಅಡಗಿರುತ್ತೆ. 1867ರವರೆಗೆ ವರ್ಷದ ಅಕ್ಷರ ಮೇಲಿನ ಮೂಲೆಯಲ್ಲಿ. 1868ರಿಂದ ಮೇಲೆ ದಿನದ ಅಂಕಿ, ವರ್ಷದ ಅಕ್ಷರ ಬಲಮೂಲೆಗೆ. ನಮ್ಮ ಕಾಲ್ಮಣೆಯ ಮೇಲಿನ ಮೂಲೆಯಲ್ಲಿ ಅಂಕಿ ಇತ್ತು. ಅಂದರೆ ಈ ನಮೂನೆ ನೋಂದಣಿ ಆದದ್ದು 1868ರಿಂದ 1883ರ ನಡುವೆ. ಯಾವ ವರ್ಷ ಅಂತ ಬಲಮೂಲೆ ಹೇಳಬೇಕು. ಬಲಮೂಲೆಯೇ ನನ್ನ ಗ್ರೈಂಡರಿಗೆ ಹೋಗಿತ್ತು.

ಆ ಗುರುತು ಹೇಳುವುದು ನಮೂನೆ ದಾಖಲಾದ ದಿನವನ್ನು, ಈ ವಸ್ತುವನ್ನು ಎರಕ ಹೊಯ್ದ ದಿನವನ್ನಲ್ಲ. ಮರದಲ್ಲಿ ಒಂದು ಸಲ ನಮೂನೆ ಕೆತ್ತಿದರೆ ಮರಳಿನಲ್ಲಿ ಎಷ್ಟು ಅಚ್ಚು ಬೇಕಾದರೂ ಒತ್ತಬಹುದು. ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲ್ ಅನ್ನುವ ಊರಿನ ಕಂಪನಿ ತೋಟದ ಬೆಂಚು, ಛತ್ರಿ ಸ್ಟ್ಯಾಂಡ್ ಎಲ್ಲವನ್ನೂ ಹೀಗೇ ಬೀಡಿನಲ್ಲಿ ಮಾಡಿ ಮಾರಿದ್ದು. 1709ರಲ್ಲಿ ಅಬ್ರಹಾಂ ಡಾರ್ಬಿ ಇದ್ದಿಲ ಬದಲು ಕಲ್ಲಿದ್ದಲಿನಿಂದ ಮಾಡಿದ ಕೋಕ್ ಹಾಕಿ ಕಬ್ಬಿಣ ಕರಗಿಸಿದ್ದು ಅದೇ ಊರಲ್ಲಿ. ನಮ್ಮ ಕಾಲ್ಮಣೆ ಯಾರದ್ದು ಅಂತ ಹೇಳುವ ಹೆಸರು ಅದರ ಮೇಲೆ ಎಲ್ಲೂ ಇಲ್ಲ. ಇದ್ದ ಒಂದು ಸುಳಿವನ್ನೂ ನಾನು ಅರ್ಧ ಮಾಡಿದ್ದೆ.

ಮಾರನೇ ದಿನ ಅಮ್ಮನಿಗೆ ಫೋನ್ ಮಾಡಿದೆ. ಕರೆಂಟ್ ಇತ್ತು, ಸುಳ್ಳು ಹೇಳಿದ್ದೆ ಅಂದೆ. ಬಿರುಕು ದೊಡ್ಡದಾದದ್ದು, ಗುರುತು ಹೋದದ್ದು, ಹಳೇ ಸಾಮಾನು ಕೊಳ್ಳುವವರು ಈ ಗುರುತಿಗೇ ಬೆಲೆ ಕಟ್ಟುವುದು, ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮಾರೋ ವಸ್ತು ಅಲ್ಲ ಬಿಡು. ಆದ್ರೆ ನಾಲ್ಕು ದಿನ ಕಾಲು ನೇತಾಡಿಸ್ಕಂಡು ಕೂತಿದ್ದೀನಿ ನಾನು. ಮೊದಲೇ ಹೇಳಿದ್ರೆ ಎಂತಾದ್ರೂ ಬೇರೆ ಇಟ್ಕೊಳ್ತಿದ್ದೆ" ಅಂದರು. ಗುರುತಿನ ವಿಷಯಕ್ಕಿಂತ ಆ ಮಾತೇ ನನಗೆ ಜಾಸ್ತಿ ನಾಟಿತು. ಬಿಲ್ಲಿನಲ್ಲಿ ದಿಂಬಿನ ಬಟ್ಟೆಯ ದುಡ್ಡು ಮಾತ್ರ ಹಾಕಿದೆ.

ದಿಂಬು ಬಿಚ್ಚಿದಾಗ ಒಳಗೆ ಬೂರುಗದ ಹತ್ತಿ. ದೊರೆಯ ಕಾಲದಲ್ಲಿ ಕುದುರೆ ಕೂದಲು ತುಂಬಿದ್ದಿರಬಹುದು, ಆಮೇಲೆ ಯಾರೋ ನಮ್ಮವರೇ ತಮ್ಮ ಕೈಗೆ ಸಿಕ್ಕಿದ್ದು ತುಂಬಿದ್ದಾರೆ. ಫೋಮ್ ಹಾಕಲಾ ಅಂತ ಕೇಳಿದೆ. ಈ ಸಲ ಕೇಳಿದೆ. ಬೇಡ ಅಂದರು. ಹತ್ತಿ ಬಿಸಿಲಿಗೆ ಹಾಕಿ, ಹಿಂಜಿ, ಅದನ್ನೇ ತುಂಬಿದೆ.

ಬಣ್ಣದ ಕೆಲಸ ಬೇಗ ಹೇಳಿಬಿಡ್ತೀನಿ. ಇಷ್ಟು ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಬಾರದು, ಕಾಯಿಸಿದರೆ ಬರುವ ಹೊಗೆಯೂ ಕೆಟ್ಟದ್ದು. ಹಾಗಾಗಿ ಒಲೆಗೆ ಇಡುವ ಮೊದಲೇ ಮಾಸ್ಕ್ ಹಾಕಿಕೊಂಡು ನೀರು ಹಾಕಿ ಉಜ್ಜಿ ತೆಗೆದಿದ್ದೆವು. ನಾನು ಮೊದಲ ದಿನ ಒಣಗಿದ್ದನ್ನೇ ಗ್ರೈಂಡರಿನಲ್ಲಿ ಹಾರಿಸಿದ್ದೆ, ಅದನ್ನೂ ತಪ್ಪಿನ ಲೆಕ್ಕಕ್ಕೇ ಸೇರಿಸಿಕೊಳ್ಳಿ. ಅಷ್ಟರಲ್ಲಿ ಮಳೆ ಶುರುವಾಗಿತ್ತು. ನಮ್ಮ ಮಳೆಗಾಲದಲ್ಲಿ ಬರಿಮೈ ಬೀಡಿಗೆ ಬೆಳಿಗ್ಗೆಯಿಂದ ಸಂಜೆಯೊಳಗೆ ಕೆಂಪು ಏರುತ್ತೆ. ತೊಳೆದದ್ದನ್ನು ಬಚ್ಚಲ ಒಲೆಯ ಪಕ್ಕ ಇಟ್ಟು ಒಣಗಿಸಿ, ಬೆಚ್ಚಗಿರುವಾಗಲೇ ರೆಡ್ ಆಕ್ಸೈಡ್ ಪ್ರೈಮರ್ ಕೊಟ್ಟೆ, ಮೇಲೆ ಕಪ್ಪು. ಕಾಲಿನ ಕೆಳಗೆ ರಬ್ಬರ್ ಬಿಲ್ಲೆ ಅಂಟಿಸಿದೆ. ಅವರ ಮನೆಯ ಕೆಂಪು ಗಾರೆ ನೆಲದ ಮೇಲೆ ಹಳೇ ತುಕ್ಕಿನ ನಾಲ್ಕು ಬಳೆ ಇನ್ನೂ ಹಾಗೇ ಇವೆ. ತಲುಪಿಸಲು ಹೋದಾಗ ಅಮ್ಮ ಕಾಲ್ಮಣೆಯನ್ನು ಆ ಬಳೆಗಳ ಮೇಲೇ ಸರಿಯಾಗಿ ಇಡಿಸಿದರು.

ಅದಾದ ಮೇಲೆ ಹೇಗೋ ಸುದ್ದಿ ಹಬ್ಬಿ ಹೊಲಿಗೆ ಮೆಶಿನ್ನಿನ ಬೀಡು ಸ್ಟ್ಯಾಂಡ್, ಕಾಲ್ಮಣೆ, ಬೆಂಚಿನ ಕಾಲು ಬರತೊಡಗಿವೆ. ಮೊದಲು ಎಲ್ಲವನ್ನೂ ತಲೆಕೆಳಗೆ ಮಾಡಿ ನಾಲ್ಕು ಫೋಟೋ ತೆಗೆಯುತ್ತೇನೆ. ಅಯಸ್ಕಾಂತ ಹಿಡಿಯದಿದ್ದರೆ ಅಲ್ಯೂಮಿನಿಯಂ, ಹಳೇ ನಮೂನೆ ನೋಡಿ ಹೊಯ್ದ ಹೊಸ ಮಾಲು. ಪ್ಲಸ್ ಗುರುತಿನ ಸ್ಕ್ರೂ ಕಂಡರೆ ಅದು 1930ರ ದಶಕದ ನಂತರ ಬಂದದ್ದು. ಸ್ಕ್ರೂ ಮಾತ್ರ ಬದಲಾಗಿದೆಯೋ, ವಸ್ತುವೇ ಹೊಸದೋ ಅಂತ ಆಮೇಲೆ ನೋಡಬೇಕು. ಗ್ರೈಂಡರ್ ಈಗ ಮೇಲಿನ ಅಟ್ಟದಲ್ಲಿದೆ. ಬೇಕಾದರೆ ಏಣಿ ಹಾಕಿ ತೆಗೆಯಬೇಕು. ಆ ಏಣಿ ಹಾಕುವಷ್ಟರಲ್ಲಿ ಅರ್ಧ ಸಲ ಬೇಡ ಅನ್ನಿಸುತ್ತೆ.

ಗಿರಣಿಯಿಂದ ತಿಂಗಳಿಗೆ ಒಂದು ಚೀಲ ಉಮಿ ಬೂದಿ ತರುತ್ತೇನೆ. ಮೊನ್ನೆ ಗಿರಣಿಯವರು ತಡೆಯಲಾರದೆ ಕೇಳಿಯೇಬಿಟ್ಟರು: "ಎಂತ ಸ್ವಾಮಿ, ಹಲ್ಲುಪುಡಿ ವ್ಯಾಪಾರಕ್ಕೆ ಇಳಿದಿದ್ದೀರಾ?"