ಹಳೇ ಡೀಪ್ ಫ್ರೀಜರ್ ತಂಪಾಗ್ತಿಲ್ವಾ? ಗ್ಯಾಸ್ ತುಂಬ್ಸೂಕಿಂತ ಮೊದ್ಲು ಇದನ್ನ ನೋಡಿ

ನಮ್ಮ ಕರಾವಳೀಲಿ ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ಯಾಂತ್ರಿಕ ಬೋಟು ಮೀನು ಹಿಡಿಯೂಕೆ ಸಮುದ್ರಕ್ಕೆ ಇಳಿಯೂ ಹಾಂಗಿಲ್ಲ. ಸಣ್ಣ ದೋಣಿಯವ್ರು ದಡದ ಹತ್ರ ಬಲೆ ಬಿಟ್ರೆ ಸಿಕ್ಕಷ್ಟೇ, ಅದ್ರ ರೇಟು ಕೇಳೂದೇ ಬ್ಯಾಡ. ಅಂಕೋಲಾ ಕಡೆ ಮನೇಲಿ ಅಷ್ಟ್ ದೊಡ್ಡ ಪೆಟ್ಟಿಗೆ ಫ್ರೀಜರ್ ಎಂತಕ್ಕೆ ಅಂತ ಶಿರಸಿ ಬದಿ ದೋಸ್ತರು ಕೇಳಿದ್ರೆ ನಾನು ಹೇಳೂದು ಇಷ್ಟೇ, ನೀವು ಹಲಸಿನ ತೊಳೆ ಇಟ್ಕಂಡಾಂಗೆ ನಾವು ಬಂಗಡೆ ಇಟ್ಕಳ್ತೇವೆ. ನಮ್ದು ಕೂಲ್‌ಡ್ರಿಂಕ್ಸ್ ಅಂಗಡಿಯವ್ರು ಮಾರಿದ ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ, ಬರೂವಾಗ್ಲೇ ಹಳೇದು, ಹಿತ್ಲ ಕಡೆ ಜಗಲಿ ಮೇಲೆ ಕೂತಿದೆ, ಮತ್ತೆ ಅದು ಹಾಳಾಗೂದು ಯಾವಾಗ್ಲೂ ಮೇ ಕೊನೆಗೇ, ತುಂಬಾ ಮೀನು ಇದ್ದಾಗ್ಲೇ.

ಒಂದು ಮಾತು, ಫ್ರೀಜರ್ ಸಡನ್ನಾಗಿ ಕೆಡೂದು ಕಮ್ಮಿ. ಮೆಲ್ಲಗೆ ಕೈ ಕೊಡ್ತದೆ. ಮೇಲಿನ ಪ್ಯಾಕೆಟು ಒತ್ತಿದ್ರೆ ಬೆರಳು ಸ್ವಲ್ಪ ಒಳಗೆ ಹೋಗ್ತದೆ, ಐಸ್‌ಕ್ರೀಮು ಅಂಚಲ್ಲಿ ಮೆತ್ತಗೆ, ಮೆಷಿನ್ ಸೌಂಡು ಮಾತ್ರ ರಾತ್ರಿ ಹಗಲು ನಿಲ್ಲೂದೇ ಇಲ್ಲ. ಒಳಗಿರೂದು ಮೈನಸ್ 18 ಡಿಗ್ರಿ ಇರ್ಬೇಕು. ಒಂದು ಸಾದಾ ಫ್ರಿಜ್ ಥರ್ಮಾಮೀಟರ್ ತಗಂಡು ಪ್ಯಾಕೆಟು ಪ್ಯಾಕೆಟಿನ ಮಧ್ಯ ಸಿಕ್ಸಿ ರಾತ್ರಿ ಇಡೀ ಬಿಡಿ, ಬೆಳಗ್ಗೆ ಮುಚ್ಚಳ ತೆಗೆದ ಕೂಡ್ಲೇ ನೋಡಿ. ಗಾಳಿಲಿ ನೇತಾಕಿದ್ರೆ ಮುಚ್ಚಳ ತೆಗೆದ ಕ್ಷಣಕ್ಕೇ ಏರ್ತದೆ, ಆ ಲೆಕ್ಕ ನಂಬೂಕಾಗೂದಿಲ್ಲ.

ಆಮೇಲೆ ಕಂಪ್ರೆಸರ್, ಅಂದ್ರೆ ಗ್ಯಾಸ್ ಒತ್ತಿ ತಿರುಗಿಸೂ ಮೋಟರು, ಅದ್ರ ಹತ್ರ ಕಿವಿ ಇಡಿ. ಅರ್ಧ ಉತ್ತರ ಅಲ್ಲೇ ಸಿಗ್ತದೆ. ಸೌಂಡೇ ಇಲ್ಲ ಅಂದ್ರೆ ಪ್ಲಗ್, ವೈರು, ಥರ್ಮೋಸ್ಟಾಟ್, ಇವುಗಳಲ್ಲಿ ಎಂತದೋ ಒಂದು. "ಟಕ್" ಅಂತ ಶಬ್ದ ಬಂದು ಸ್ವಲ್ಪ ಗುಂಯ್ ಅಂದು ಮತ್ತೆ "ಟಕ್" ಅಂತ ನಿಂತು ಒಂದೆರಡು ನಿಮಿಷ ಬಿಟ್ಟು ಅದೇ ಕತೆ ಆದ್ರೆ ಕಂಪ್ರೆಸರ್ ಸ್ಟಾರ್ಟ್ ಆಗೂಕೆ ಒದ್ದಾಡ್ತಿದೆ, ಓವರ್‌ಲೋಡ್ ಸ್ವಿಚ್ಚು ಕರೆಂಟು ಕಟ್ ಮಾಡ್ತಿದೆ. ಎಲ್ರೂ ಕಂಪ್ರೆಸರ್ ಹೋಯ್ತು ಅಂತ ಹೆದರ್ತಾರೆ. ತಡೀರಿ, ಮೊದ್ಲು ವೋಲ್ಟೇಜ್ ನೋಡಿ. 230 ಬರ್ಬೇಕಾದ ಕಡೆ ಸಂಜೆ ಹೊತ್ತಿಗೆ ಎಲ್ಲರ ಮನೆ ಪಂಪು ಮಿಕ್ಸರ್ ಓಡೂವಾಗ ನಮ್ಮ ಲೈನಲ್ಲಿ 180ರ ಕೆಳಗೆ ಹೋಗ್ತದೆ, ಕಂಪ್ರೆಸರಿಗೆ ಸ್ಟಾರ್ಟಿಗೆ ಬೇಕಾಗೂ ಕರೆಂಟು ಓಡೂವಾಗ ಬೇಕಾಗೂದರ ಎಷ್ಟೋ ಪಟ್ಟು, ಆ ವೋಲ್ಟೇಜಲ್ಲಿ ಅದು ಏಳೂದಾದ್ರೂ ಹ್ಯಾಂಗೆ? ವೋಲ್ಟೇಜ್ ಸರಿ ಇದ್ದೂ ಹಾಂಗೇ ಮಾಡಿದ್ರೆ ಸ್ಟಾರ್ಟಿಂಗ್ ರಿಲೇ ನೋಡ್ಸಿ, ಕಂಪ್ರೆಸರ್ ಸ್ಟಾರ್ಟ್ ಮಾಡೂ ಚಿಕ್ಕ ಕಪ್ಪು ಡಬ್ಬಿ, ಕಂಪ್ರೆಸರಿಗೆ ಹೋಲಿಸಿದ್ರೆ ಪುಗಸಟ್ಟೆ ಅನ್ಬಹುದು. ನಮ್ಮಲ್ಲಿ ಅದ್ರೊಳಗೆ ಇರುವೆ ಗೂಡು ಮಾಡೂದು, ಹಲ್ಲಿ ಸಿಕ್ಕಿ ಸಾಯೂದು ಎರಡೂ ಮಾಮೂಲು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗಿ ಬಂದು ಹೋಗಿ ಬಂದು ಮಾಡೂವಾಗ ಇನ್ನೊಂದು ತೊಂದ್ರೆ, ಒಳಗಿನ ಒತ್ತಡ ಇನ್ನೂ ಇಳಿದಿರೂದಿಲ್ಲ, ಅಷ್ಟರಲ್ಲೇ ಮತ್ತೆ ಸ್ಟಾರ್ಟ್ ಮಾಡೂಕೆ ನೋಡ್ತದೆ. ಅದ್ಕೇ ಸ್ಟೆಬಿಲೈಸರ್ ತಗಳೂವಾಗ ಟೈಮ್ ಡಿಲೇ ಇರೂದೇ ತಗಳಿ, ಮೂರು ನಿಮಿಷ ತಡ ಮಾಡಿ ಕರೆಂಟು ಬಿಡೂದು.

ಮೆಷಿನ್ ಓಡ್ತಾನೇ ಇದೆ ಆದ್ರೆ ತಂಪಿಲ್ಲ, ಇದು ಬೇರೆ ಜಾತಿ. ಇಲ್ಲಿ ಮೊದ್ಲು ಮುಚ್ಚಳದ ರಬ್ಬರು. ಒಂದು ಹತ್ತು ರೂಪಾಯಿ ನೋಟು ಅಂಚಲ್ಲಿ ಇಟ್ಟು ಮುಚ್ಚಿ ಎಳೀರಿ, ಬಿಗಿ ಇಲ್ದೇ ಸುಮ್ಮನೆ ಜಾರಿ ಬಂದ್ರೆ ಅಲ್ಲಿಂದ ಗಾಳಿ ಒಳಗೆ ಹೋಗ್ತಿದೆ. ಕರಾವಳಿ ಗಾಳಿ ಅಂದ್ರೆ ಬರೀ ಗಾಳಿ ಅಲ್ಲ ಮಾರಾಯ್ರೆ, ಅರ್ಧ ನೀರು. ಅದು ಒಳಗೆ ಹೋಗಿ ಗೋಡೆಗೆ ಹಿಮ ಆಗಿ ಕೂರ್ತದೆ, ಹಿಮ ದಪ್ಪ ಆದಾಂಗೆ ತಂಪು ಮೀನಿಗೆ ಮುಟ್ಟೂದಿಲ್ಲ. ಕಾಲಿಂಚು ದಾಟಿದ್ರೆ ಆಫ್ ಮಾಡಿ ಕರಗಿಸೂದೇ, ಬಿಸಿ ನೀರಿನ ಪಾತ್ರೆ ಒಳಗಿಟ್ಟು ಮುಚ್ಚಿದ್ರೆ ಬೇಗ ಬಿಡ್ತದೆ. ಚಾಕು, ಸ್ಕ್ರೂಡ್ರೈವರ್ ಹಾಕಿ ಕುಕ್ಕಬೇಡಿ, ಆ ಗೋಡೆ ಹಿಂದೇನೇ ಗ್ಯಾಸ್ ಪೈಪು ಇರೂದು, ಒಂದು ತೂತು ಬಿದ್ರೆ ಫ್ರೀಜರ್ ಗುಜರಿಗೆ. ರಬ್ಬರು ಹರಿದಿಲ್ಲ, ಬರೀ ಸೊಟ್ಟ ಆಗಿದೆ ಅಂದ್ರೆ ಬಿಸಿ ನೀರಲ್ಲಿ ಅದ್ದಿದ ಬಟ್ಟೆ ಒತ್ತಿ ಮೆತ್ತಗೆ ಮಾಡಿ ಕೈಲಿ ಸರಿ ಮಾಡ್ಬಹುದು. ಇದು ಪೆಟ್ಟಿಗೆ ಫ್ರೀಜರ್ ಮಾತು. ಅಡಿಗೆಮನೆಯ ಫ್ರಾಸ್ಟ್ ಫ್ರೀ ಫ್ರಿಜ್ಜಲ್ಲಿ ಹಿಮ ಕಣ್ಣಿಗೆ ಬೀಳೂದಿಲ್ಲ, ಒಳಗಿನ ಕಾಯಿಲ್ ಮೇಲೆ ಕಟ್ಟಿರ್ತದೆ, ಹೀಟರೋ ಫ್ಯಾನೋ ಹೋಗಿರ್ತದೆ.

ಇದೆಲ್ಲಾ ಸರಿ ಇದ್ರೆ ಮಾತ್ರ ಗ್ಯಾಸ್ ವಿಚಾರ. ನನಗೆ ಸಿಟ್ಟು ಬರೂದು ಇಲ್ಲೇ. ಮೆಕ್ಯಾನಿಕ್ ಬರ್ತಾರೆ, ಮುಚ್ಚಳ ತೆಗೀತಾರೆ, ಕೈ ಆಡಿಸ್ತಾರೆ, "ಗ್ಯಾಸ್ ಖಾಲಿ ಅಕ್ಕಾ" ಅಂತಾರೆ, ನಮ್ಮ ಆಯಿ ದುಡ್ಡು ಕೊಡ್ತಾಳೆ. ಅಡಿಗೆ ಸಿಲಿಂಡರ್ ಹಾಂಗೆ ಇದು ಉರಿದು ಖಾಲಿ ಆಗೂ ಗ್ಯಾಸ್ ಅಲ್ವೇ ಅಲ್ಲ. ಕಂಪ್ರೆಸರಿಂದ ಹೊರಟು ಕಂಡೆನ್ಸರಲ್ಲಿ ಬಿಸಿ ಬಿಟ್ಟು ಸಣ್ಣ ಕ್ಯಾಪಿಲ್ಲರಿ ನಳಿಗೆ ದಾಟಿ ಒಳಗೆ ಕುದ್ದು ತಂಪು ಮಾಡಿ ವಾಪಸ್ ಕಂಪ್ರೆಸರಿಗೇ ಬರ್ತದೆ, ಬೆಸುಗೆ ಹಾಕಿ ಮುಚ್ಚಿದ ದಾರಿ, ಹೊಸದರಲ್ಲಿ ತುಂಬಿದ್ದು ಅದ್ರ ಆಯುಷ್ಯ ಪೂರ್ತಿ ಸಾಕು. ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಸೋರಿದೆ. ಸೋರಿದ್ದು ಹುಡುಕದೇ ತುಂಬಿದ್ರೆ ಮತ್ತೆ ಸೋರ್ತದೆ, ಮುಂದಿನ ಮೇ ತಿಂಗಳಿಗೆ ಮತ್ತೆ ಅದೇ "ಖಾಲಿ ಅಕ್ಕಾ". ನಮ್ಮನೇಲಿ ಆಗಿದ್ದು ಹಾಂಗೇ.

ಕಮ್ಮಿ ಇದ್ಯಾ ಅಂತ ನೀವೇ ಅಂದಾಜು ಮಾಡ್ಬಹುದು. ಪೆಟ್ಟಿಗೆ ಫ್ರೀಜರಿನ ಹೊರಗಿನ ಗೋಡೆ ಮುಟ್ಟಿ, ಹೆಚ್ಚಿನವಕ್ಕೆ ಕಂಡೆನ್ಸರ್ ಪೈಪು ಆ ತಗಡಿನ ಹಿಂದೆ ಓಡ್ತದೆ, ಹಾಂಗಾಗಿ ಉಗುರು ಬೆಚ್ಚಗೆ ಇರೂದೇ ಸರಿ. ಕಂಪ್ರೆಸರ್ ಕೈ ಇಡೂಕಾಗದಷ್ಟು ಬಿಸಿ, ಗೋಡೆ ಮಾತ್ರ ತಣ್ಣಗೆ ಅಂದ್ರೆ ಒಳಗೆ ಗ್ಯಾಸ್ ತಿರುಗ್ತಿಲ್ಲ. ಒಳಗೆ ಹಿಮ ಒಂದು ಮೂಲೇಲಿ ಒಂದೇ ಪಟ್ಟಿ ಕೂತು ಉಳಿದ ಕಡೆ ಬರೀ ನೀರು ಇಳೀತಿದ್ರೆ ಗ್ಯಾಸ್ ಕಮ್ಮಿ. ಸ್ವಲ್ಪ ಹೊತ್ತು ತಂಪಾಗಿ ನಿಂತು, ಆಫ್ ಮಾಡಿ ಬಿಟ್ಟು ಮತ್ತೆ ಹಾಕಿದ್ರೆ ಸರಿ ಆಗಿ, ಮತ್ತೆ ನಿಂತ್ರೆ ಒಳಗೆ ತೇವ ಸೇರಿ ಕ್ಯಾಪಿಲ್ಲರಿ ಬಾಯಲ್ಲಿ ಐಸ್ ಕಟ್ತಿದೆ, ಅದು ಚೋಕ್.

ಈ ಸಲ ಬಂದವ ಐಟಿಐಲಿ ಫ್ರಿಜ್ ಎಸಿ ಕೆಲಸ ಕಲ್ತ ಹುಡುಗ. ಬಂದವನೇ ಗ್ಯಾಸಿನ ಒತ್ತಡ ನೋಡೂ ಗೇಜು ಹಾಕ್ಲಿಲ್ಲ, ಟಾರ್ಚ್ ಹಿಡ್ಕಂಡು ಕಂಪ್ರೆಸರ್ ಗೂಡೊಳಗೆ ತಲೆ ಹಾಕ್ದ. "ಆಯಿ, ಇಲ್ಲಿ ಎಣ್ಣೆ ಕಾಣ್ತದಲಾ" ಅಂದ. ಗ್ಯಾಸ್ ಜೊತೆ ಕಂಪ್ರೆಸರಿನ ಎಣ್ಣೆನೂ ತಿರುಗ್ತಿರ್ತದೆ, ಸೋರೂ ಕಡೆ ಎಣ್ಣೆ ಒಸರಿ ಧೂಳು ಹಿಡಿದು ಕಪ್ಪು ಕಲೆ ಆಗಿರ್ತದೆ. ನಮ್ದು ಕಂಡೆನ್ಸರಿನ ಕಬ್ಬಿಣ ಪೈಪು ಫಿಲ್ಟರ್ ಡ್ರೈಯರಿಗೆ (ಗ್ಯಾಸಿನ ತೇವ, ಕಸ ಹಿಡಿಯೂ ಸಣ್ಣ ಫಿಲ್ಟರ್) ಸೇರೂ ಜಾಗ, ಉಪ್ಪು ಗಾಳಿಗೆ ತುಕ್ಕು ತಿಂದು ಸೂಜಿಮೊನೆ ತೂತು. ಉಳಿದ ಗ್ಯಾಸ್ ತೆಗೆದು ನೈಟ್ರೋಜನ್ ಒತ್ತಿ ಸೋಪ್ ನೀರು ಬಳಿದ, ಗುಳ್ಳೆ ಎದ್ದದ್ದು ಆಯಿಗೂ ತೋರ್ಸ್ದ. ಆ ತುಂಡು ಕತ್ತರಿಸಿ ತಾಮ್ರ ಹಾಕಿ ಬೆಸುಗೆ, ಹೊಸ ಫಿಲ್ಟರ್, ಆಮೇಲೆ ವ್ಯಾಕ್ಯೂಮ್ ಪಂಪು ಹಚ್ಚಿ ಚಾ ಕುಡೀತಾ ಕೂತ. ಮೊದ್ಲಿನವ್ರು ಯಾರೂ ಪಂಪೇ ತಂದಿರ್ಲಿಲ್ಲ! ಪೈಪೊಳಗಿನ ಗಾಳಿ, ತೇವ ಎಳೆದು ತೆಗೀದೇ ಗ್ಯಾಸ್ ಬಿಟ್ರೆ ಮತ್ತೆ ಚೋಕ್ ಗ್ಯಾರಂಟಿ. ಕೊನೆಗೆ ಸ್ಟಿಕ್ಕರ್ ನೋಡಿ ನಮ್ದರ ಗ್ಯಾಸ್ ಆರ್134ಎ ಅಂತ ಖಾತ್ರಿ ಮಾಡಿ ತೂಕ ಹಾಕಿ ತುಂಬ್ದ. ಈಗಿನ ಹೊಸ ಫ್ರಿಜ್ಜಲ್ಲಿ ಹೆಚ್ಚಾಗಿ ಆರ್600ಎ, ಅದು ಐಸೊಬ್ಯುಟೇನ್, ಬೆಂಕಿ ಹಿಡೀತದೆ. ಅಂಥದ್ರಲ್ಲಿ ಗ್ಯಾಸ್ ಪೂರ್ತಿ ಹೊರಗೆ ಬಿಡದೇ ಬೆಸುಗೆಯ ಗ್ಯಾಸ್ ಟಾರ್ಚ್ ಹಚ್ಚೂಕೆ ಯಾರಿಗೂ ಬಿಡ್ಬೇಡಿ.

ಸೋರಿಕೆ ಗೋಡೆ ಒಳಗೆ ಫೋಮಲ್ಲಿ ಇದ್ರೆ ಬೇರೆ ಲೆಕ್ಕ. ಹೊರಗೋಡೆಯ ಕಂಡೆನ್ಸರ್ ಆದ್ರೆ ಅದನ್ನ ಬಿಟ್ಟು ಹಿಂದೆ ಬೇರೆ ಕಂಡೆನ್ಸರ್ ಕಟ್ತಾರೆ, ನಡೀತದೆ. ಒಳಗಿನ ತಂಪು ಪೈಪೇ ಹೋಗಿದ್ರೆ ನನ್ನ ಅಭಿಪ್ರಾಯದಲ್ಲಿ ದುಡ್ಡು ಹಾಕ್ಬೇಡಿ.

ರಿಪೇರಿ ನಡೆಯೂವಾಗ ಮೀನಿನ ಕತೆ? ತುಂಬಿದ ಫ್ರೀಜರ್ ಮುಚ್ಚಳ ತೆಗೀದೇ ಇದ್ರೆ ಸುಮಾರು 48 ಗಂಟೆ ತಡೀತದೆ, ಅರ್ಧ ಇದ್ರೆ 24. ಒಂದು ಲೋಟ ನೀರು ಐಸ್ ಮಾಡಿ ಮೇಲೆ ನಾಣ್ಯ ಇಟ್ಬಿಡಿ, ಊರಿಗೆ ಹೋಗಿ ಬಂದಾಗ ನಾಣ್ಯ ತಳಕ್ಕೆ ಹೋಗಿದ್ರೆ ನೀವಿಲ್ದಾಗ ಎಲ್ಲಾ ಕರಗಿ ಮತ್ತೆ ಗಟ್ಟಿ ಆಗಿದೆ ಅಂತ ಲೆಕ್ಕ. ಮೀನಲ್ಲಿ ಐಸ್ ಚೂರು ಇನ್ನೂ ಇದ್ರೆ ವಾಪಸ್ ಇಡ್ಬಹುದು, ರುಚಿ ಸ್ವಲ್ಪ ಹೋಗ್ತದೆ ಅಷ್ಟೇ. ಆದ್ರೆ ಬಂಗಡೆ, ತಾರ್ಲೆ ಬೆಚ್ಚಗಾಗಿ ಸುಮಾರು ಹೊತ್ತು ಕೂತಿದ್ರೆ ಹಿಸ್ಟಮೀನ್ ಅಂತ ಒಂದು ಆಗ್ತದೆ, ಎಷ್ಟು ಕುದಿಸಿದ್ರೂ ಹೋಗೂದಿಲ್ಲ, ಮೈ ಕೆಂಪಾಗಿ ತುರಿಕೆ ತಲೆನೋವು ಬರ್ತದೆ. "ಹುಳಿ ಜಾಸ್ತಿ ಹಾಕಿ ಕುದಿಸಿದ್ರೆ ಸರಿ ಆಗ್ತದೆ" ಅಂತ ಆಯಿ ಹೇಳ್ತಾಳೆ, ಆಗೂದಿಲ್ಲ ಆಯಿ, ಎಸೀಬೇಕು.

ಹುಡುಗ ಹೋಗೂವಾಗ ಕಂಪ್ರೆಸರ್ ಬದಿ ಪೈಪಿಗೆಲ್ಲಾ ಪೇಂಟ್ ಹೊಡೀರಿ, ಪೆಟ್ಟಿಗೆ ಕೆಳಗೆ ಚಿರೆಕಲ್ಲು ಕೊಟ್ಟು ಗಾಳಿ ಆಡೂ ಹಾಂಗೆ ಎತ್ತಿಡಿ ಅಂದ, ಎರಡೂ ಆಯ್ತು. ನೀವು ರಿಪೇರಿ ಬ್ಯಾಡ, ಗುಜರಿಗೆ ಕೊಡೂದೇ ಅಂತ ಮಾಡಿದ್ರೆ ಅಂಗಳದಲ್ಲಿ ಇಡೂ ಮೊದ್ಲು ಮುಚ್ಚಳ ಬಿಚ್ಚಿ ಬೇರೆ ಇಡಿ, ಮಕ್ಕಳು ಅಡಗಿ ಆಡೂವಾಗ ಒಳಗೆ ಕೂತು ಮುಚ್ಕಂಡ್ರೆ ಉಸಿರಿಗೆ ಗಾಳಿ ಇರೂದಿಲ್ಲ.